ಪುತಲೀಬಾಯಿಯ ಚಾತುರ್ಮಾಸ್ಯ

ಆಷಾಢದ ಮಳೆ ಹಿಡಿದರೆ ನನ್ನ ತವರಿನ ಅಂಗಳಕ್ಕೆ ಎಂಟೆಂಟು ದಿನ ಬಿಸಿಲು ಬೀಳುತ್ತಿರಲಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಸರಿದು ನಿಂತ ಮನೆ ಅದು. ಒಗೆದ ಬಟ್ಟೆಯೆಲ್ಲ ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಹೊಗೆ ಕುಡಿಯುತ್ತ ಒಣಗಬೇಕು. ಅಂಥದೊಂದು ಮಧ್ಯಾಹ್ನ ನಾನು ಅಡುಗೆಮನೆಯ ಹೊಸ್ತಿಲ ಹತ್ತಿರ ಕುಳಿತು, ಗೊರೂರರು ಕನ್ನಡಕ್ಕೆ ತಂದ ಗಾಂಧೀಜಿಯವರ ಆತ್ಮಕಥೆಯನ್ನು ಅಮ್ಮನಿಗೆ ಓದಿ ಹೇಳುತ್ತಿದ್ದೆ. ಹೈಸ್ಕೂಲಿನಲ್ಲಿ ಬಹುಮಾನವಾಗಿ ಬಂದ ಪುಸ್ತಕ. ಅಮ್ಮ ಹಲಸಿನ ಬೀಜ ಸುಲಿಯುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ ಎಂದಲ್ಲ, ಕೂಡಿಸಿ ಕೂಡಿಸಿ ಓದುತ್ತಿದ್ದಳು. ಆದರೆ ಓದಲು ಕೂತರೆ ಬೀಜ ಸುಲಿಯುವವರು ಯಾರು?

ಮೊದಲ ಅಧ್ಯಾಯದಲ್ಲೇ ಗಾಂಧೀಜಿ ತಮ್ಮ ತಾಯಿಯ ವ್ರತಗಳ ವಿಷಯ ಬರೆದಿದ್ದಾರೆ. ಒಂದು ಚಾತುರ್ಮಾಸ್ಯದಲ್ಲಿ ಆಕೆ ಸೂರ್ಯದರ್ಶನವಾಗದೆ ಊಟ ಮಾಡುವುದಿಲ್ಲವೆಂದು ವ್ರತ ಹಿಡಿದಳು. ಮಳೆಗಾಲ. ಮಕ್ಕಳು ಅಂಗಳದಲ್ಲಿ ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಮೋಡ ಸರಿದು ಸೂರ್ಯ ಇಣುಕಿದೊಡನೆ ಅಮ್ಮನನ್ನು ಕೂಗಿ ಕರೆಯುತ್ತಿದ್ದರು. ಕೆಲಸ ಬಿಟ್ಟು ಆಕೆ ಹೊರಗೆ ಓಡಿ ಬರುವಷ್ಟರಲ್ಲಿ ಸೂರ್ಯ ಮತ್ತೆ ಮರೆ. ಆಕೆ ಮುಖ ಸಣ್ಣದು ಮಾಡಿಕೊಳ್ಳುತ್ತಿರಲಿಲ್ಲವಂತೆ. ಇವತ್ತು ನಾನು ಉಣ್ಣುವುದು ದೇವರಿಗೆ ಬೇಕಿಲ್ಲ ಎಂದು ನಗುನಗುತ್ತಲೇ ಮನೆಗೆಲಸಕ್ಕೆ ಹಿಂತಿರುಗುತ್ತಿದ್ದಳು.

ಅಮ್ಮನ ಕೈ ನಿಂತಿತು. "ಪುಣ್ಯಾತಗಿತ್ತಿ, ಗುಜರಾತಿನಲ್ಲಿ ಹುಟ್ಟಿದಳು, ಬದುಕಿದಳು. ನಮ್ಮೂರಲ್ಲಿ ಈ ವ್ರತ ಹಿಡಿದಿದ್ದರೆ ಪುಷ್ಯ ಮಳೆ ಮುಗಿಯೋದರೊಳಗೆ ಕೈಲಾಸ ಕಾಣುತ್ತಿದ್ದಳು" ಎಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಆ ಮಕ್ಕಳು ಅಷ್ಟು ಹೊತ್ತಿಗೆ ಉಂಡಿದ್ದವೋ ಇಲ್ಲವೋ, ಬರೆದಿದ್ದಾರೇನು ನೋಡು."

ಹುಡುಕಿದೆ. ಬರೆದಿರಲಿಲ್ಲ. ಆಮೇಲೆ ಗಾಂಧೀಜಿಯ ವಿಷಯ ಎಷ್ಟೋ ಓದಿದ್ದೇನೆ, ಆ ಒಂದು ಪ್ರಶ್ನೆಗೆ ಉತ್ತರ ಎಲ್ಲೂ ಸಿಕ್ಕಿಲ್ಲ.

ಪುತಲೀಬಾಯಿಯ ಚರಿತ್ರೆ ಎಂಬುದು ಹೆಚ್ಚುಕಡಿಮೆ ಮಗ ಬರೆದಷ್ಟೇ. ಅದಕ್ಕೆ ನಂಟರಿಷ್ಟರ ನೆನಪುಗಳನ್ನು ಸೇರಿಸಿದರೂ ಕೆಲವೇ ಪುಟ. ಜುನಾಗಢದ ಕಡೆಯ ದಾತ್ರಾಣಾ ಎಂಬ ಹಳ್ಳಿಯ ಹೆಣ್ಣು. ಪೋರಬಂದರಿನ ದಿವಾನ ಕರಮಚಂದ ಗಾಂಧಿಗೆ ನಾಲ್ಕನೆಯ ಹೆಂಡತಿ. ಗಂಡನಿಗೆ ಮೊದಲ ಎರಡು ಮದುವೆಗಳಿಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಈಕೆಗೆ ರಲಿಯಾತ ಎಂಬ ಮಗಳು, ಲಕ್ಷ್ಮೀದಾಸ, ಕರ್ಸನದಾಸ, ಮೋಹನದಾಸ ಎಂಬ ಮೂವರು ಗಂಡುಮಕ್ಕಳು. ಮೋಹನದಾಸ ಕೊನೆಯವನು, 1869ರ ಅಕ್ಟೋಬರ್ 2ರಂದು ಪೋರಬಂದರಿನ ಆ ಕೂಡುಕುಟುಂಬದ ಮನೆಯಲ್ಲಿ ಹುಟ್ಟಿದ. ಅಡುಗೆಗೆ ಬೇಕಾದ ತರಕಾರಿಯನ್ನು ದಿವಾನರೇ ಶ್ರೀನಾಥಜಿಯ ಗುಡಿಯಲ್ಲಿ ಕುಳಿತು ರಾಜ್ಯದ ವ್ಯವಹಾರ ಮಾತಾಡುತ್ತ ಸುಲಿದುಕೊಡುತ್ತಿದ್ದರೆಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಈ ವಿಷಯ ಓದಿದಾಗ ಅಮ್ಮ ಅಪ್ಪನಿಗೆ ಕೇಳಿಸುವಂತೆ ಎರಡು ಸಲ ಓದಿಸಿದಳು ಎಂಬುದನ್ನೂ ಹೇಳಿಬಿಡುತ್ತೇನೆ.

ಪುತಲೀಬಾಯಿಯ ತವರಿನವರು ಪ್ರಣಾಮಿ ಪಂಥದವರು. ಹದಿನೇಳನೆಯ ಶತಮಾನದಲ್ಲಿ ಪ್ರಾಣನಾಥರು ಬೆಳೆಸಿದ ಈ ಪಂಥ ಕೃಷ್ಣಭಕ್ತಿಯದೇ ಆದರೂ ವೇದಪುರಾಣಗಳ ಜೊತೆಗೆ ಕುರಾನಿನ ಮಾತನ್ನೂ ಗೌರವದಿಂದ ಕಾಣುವಂಥದ್ದು. ಗಂಡನ ಮನೆಯವರು ವೈಷ್ಣವರು. ದಿನವೂ ಹವೇಲಿಗೆ, ಎಂದರೆ ವೈಷ್ಣವರ ಗುಡಿಗೆ, ಹೋಗಿಬರುವುದು ಆಕೆಯ ನಿತ್ಯದ ಕೆಲಸಗಳಲ್ಲೊಂದು. ಪ್ರಾರ್ಥನೆಯಿಲ್ಲದೆ ಬಾಯಿಗೆ ತುತ್ತಿಡುತ್ತಿರಲಿಲ್ಲ. ಚಾತುರ್ಮಾಸ್ಯದಲ್ಲಿ ಒಂದು ಹೊತ್ತಿನ ಊಟವೆಂಬುದು ಆಕೆಗೆ ವ್ರತವೇ ಅಲ್ಲ, ಅಭ್ಯಾಸ. ಒಂದು ವರ್ಷ ದಿನ ಬಿಟ್ಟು ದಿನ ಉಪವಾಸ ಮಾಡಿದಳು. ಒಮ್ಮೆ ಚಾಂದ್ರಾಯಣ ಹಿಡಿದಾಗ ಕಾಯಿಲೆ ಬಿದ್ದಳು, ಆದರೂ ಬಿಡಲಿಲ್ಲ. ಚಾಂದ್ರಾಯಣವೆಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಶುಕ್ಲಪಕ್ಷದಲ್ಲಿ ದಿನಕ್ಕೊಂದು ತುತ್ತು ಏರಿಸುತ್ತ ಹುಣ್ಣಿಮೆಗೆ 15 ತುತ್ತು, ಕೃಷ್ಣಪಕ್ಷದಲ್ಲಿ ಒಂದೊಂದಾಗಿ ಇಳಿಸುತ್ತ ಅಮಾವಾಸ್ಯೆಗೆ ಪೂರ್ತಿ ಉಪವಾಸ. ಹೊಟ್ಟೆಯೂ ಚಂದ್ರನಂತೆ ಬೆಳೆದು ಕರಗಬೇಕು.

ಇಷ್ಟನ್ನೇ ಓದಿದರೆ ಕಣ್ಣುಮುಚ್ಚಿ ಜಪ ಮಾಡುತ್ತ ಕುಳಿತ ಬಡಕಲು ಹೆಂಗಸೊಬ್ಬಳ ಚಿತ್ರ ಮನಸ್ಸಿಗೆ ಬರುತ್ತದೆ. ಆಕೆ ಹಾಗಿರಲಿಲ್ಲ. ರಾಜ್ಯದ ಆಗುಹೋಗುಗಳೆಲ್ಲ ಆಕೆಗೆ ತಿಳಿದಿದ್ದವು. ಅರಮನೆಯ ಹೆಂಗಸರು ಆಕೆಯ ಬುದ್ಧಿಯನ್ನು ಮೆಚ್ಚುತ್ತಿದ್ದರು. ರಾಜಕೋಟೆಯ ಠಾಕೂರರ ವಿಧವೆ ತಾಯಿಯೊಂದಿಗೆ ಆಕೆ ನಡೆಸುತ್ತಿದ್ದ ಬಿಸಿಬಿಸಿ ಚರ್ಚೆಗಳನ್ನು, ಸೆರಗು ಹಿಡಿದು ಹೋಗಿದ್ದ ಪುಟ್ಟ ಮೋಹನದಾಸ ಕೇಳಿಸಿಕೊಂಡಿದ್ದ. ಏನು ಚರ್ಚೆಯಾಯಿತೆಂದು ಬರೆದಿಲ್ಲ. ಆಕೆಯ ಉಪವಾಸಗಳ ಲೆಕ್ಕ ಉಳಿದಿದೆ, ಆಕೆಯ ಮಾತು ಉಳಿದಿಲ್ಲ. ಇದು ನನಗೆ ಬಹಳ ಸಲ ಚುಚ್ಚಿದೆ. ನಮ್ಮ ತಾಯಂದಿರನ್ನು ನಾವು ನೆನೆಯುವುದೂ ಹೀಗೇ ಅಲ್ಲವೆ? ಅಮ್ಮ ಶನಿವಾರ ಒಪ್ಪತ್ತು ಮಾಡುತ್ತಿದ್ದಳು, ಏಕಾದಶಿಗೆ ನೀರೂ ಕುಡಿಯುತ್ತಿರಲಿಲ್ಲ, ಶ್ರಾವಣದಲ್ಲಿ ತರಕಾರಿ ಬಿಡುತ್ತಿದ್ದಳು ಎಂದು ಒಂದೇ ಉಸಿರಿಗೆ ಹೇಳುತ್ತೇವೆ. ಅವಳು ಏನನ್ನು ಯೋಚಿಸುತ್ತಿದ್ದಳು ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ.

ನನಗೆ ಚಿಕ್ಕಂದಿನಲ್ಲಿ ಅಮ್ಮನ ಉಪವಾಸಗಳ ಮೇಲೆ ಕೋಪವಿತ್ತು. ಏಕಾದಶಿಯ ದಿನ ಅವಳ ದನಿ ಸಣ್ಣದಾಗುತ್ತಿತ್ತು. ಆದರೂ ನಮಗೆಲ್ಲ ಬೇಯಿಸಿ ಬಡಿಸಲೇಬೇಕು. ಹಬೆಯಾಡುವ ಅನ್ನದ ಮುಂದೆ ನಿಂತು ತಾನು ಬರೀ ಹೊಟ್ಟೆಯಲ್ಲಿ ಸಾರು ಬಡಿಸಬೇಕು. ಹಾಗೆ ನಿಂತವಳನ್ನು ನೋಡಿದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಪೋರಬಂದರಿನ ಅಂಗಳದಲ್ಲಿ ಸೂರ್ಯನನ್ನು ಹುಡುಕುತ್ತಿದ್ದ ಮಕ್ಕಳಿಗೂ ಅದು ಆಟ ಮಾತ್ರವಾಗಿರಲಾರದು.

ಇನ್ನೊಂದು ವಿಷಯವನ್ನು ಬಿಟ್ಟು ಮುಂದೆ ಹೋಗುವುದು ಸುಳ್ಳಾಗುತ್ತದೆ. ಗಾಂಧಿಯವರ ಮನೆಗೆ ಪಾಯಿಖಾನೆ ಚೊಕ್ಕಟ ಮಾಡಲು ಊಕಾ ಎಂಬವನು ಬರುತ್ತಿದ್ದ. ಅವನನ್ನು ಮುಟ್ಟಿದರೆ ಸ್ನಾನ ಮಾಡಬೇಕೆಂದು ತಾಯಿಯ ಕಟ್ಟಪ್ಪಣೆ. ಸ್ನಾನಕ್ಕೆ ಸಮಯವಿಲ್ಲದಿದ್ದರೆ ಒಂದು ಹತ್ತಿರದ ದಾರಿಯನ್ನೂ ಆಕೆ ಹೇಳಿಕೊಟ್ಟಿದ್ದಳು: ದಾರಿಯಲ್ಲಿ ಹೋಗುವ ಯಾವನಾದರೂ ಮುಸಲ್ಮಾನನನ್ನು ಮುಟ್ಟಿಬಿಟ್ಟರೆ ಮೈಲಿಗೆ ಅವನಿಗೆ ದಾಟಿಹೋಗುತ್ತದೆ! ಅದೇ ತಾಯಿ, ಕುರಾನಿಗೂ ಕೈಮುಗಿಯುವ ಪಂಥದ ಮನೆಯ ಮಗಳು. 1921ರಲ್ಲಿ ಅಹಮದಾಬಾದಿನ ಒಂದು ಸಭೆಯಲ್ಲಿ ಗಾಂಧೀಜಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಆಗ ತಮಗಿನ್ನೂ ಹನ್ನೆರಡು ತುಂಬಿತ್ತೋ ಇಲ್ಲವೋ. ತಾಯಿಯ ಮಾತು ಮೀರಲಿಲ್ಲ, ಆದರೆ ಅವಳೊಂದಿಗೆ ಜಗಳವಾಡಿದೆ, ಊಕಾನನ್ನು ಮುಟ್ಟುವುದು ಪಾಪವೆಂದು ನೀನು ತಿಳಿದಿರುವುದು ತಪ್ಪು ಎಂದೆ ಎಂದರು. 1915ರಲ್ಲಿ ಅವರು ಕೋಚರಬ್ ಆಶ್ರಮಕ್ಕೆ ದೂದಾಭಾಯಿ, ದಾನೀಬೆನ್ ಮತ್ತು ಅವರ ಮಗು ಲಕ್ಷ್ಮಿಯನ್ನು ಸೇರಿಸಿಕೊಂಡಾಗ ದುಡ್ಡು ಕೊಡುವವರೇ ಹಿಂದೆ ಸರಿದರು. ಆಶ್ರಮದ ಹೆಂಗಸರ ಮುಖವೂ ಗಂಟಾಯಿತು. ತಾಯಿಯೊಡನೆ ಮುಗಿಯದೆ ಉಳಿದ ಜಗಳವನ್ನು ಮಗ ಊರಿನೊಡನೆ ಆಡಿ ಮುಗಿಸಲು ಹೊರಟಿದ್ದ.

ನನ್ನ ಅಮ್ಮನೂ ಹಿತ್ತಿಲಿಗೆ ಬರುತ್ತಿದ್ದ ಹೆಂಗಸಿನ ಸೆರಗಿಗೆ ಕಡುಬನ್ನು ಮೇಲಿನಿಂದಲೇ ಹಾಕುತ್ತಿದ್ದಳು. ಜ್ವರ ಬಂದ ಆಕೆಯ ಮಗುವಿಗೆ ರಾತ್ರಿಯೆಲ್ಲ ಕೂತು ಕಷಾಯ ಕಾಸಿಕೊಟ್ಟದ್ದೂ ಅದೇ ಕೈ. ಆ ಕೈಯನ್ನು ನಾನು ಎರಡು ಭಾಗ ಮಾಡಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಲಾರೆ.

ಮೋಹನದಾಸ ತಾಯಿಗೆ ಸುಳ್ಳು ಹೇಳಿದ್ದೂ ಉಂಟು. ಹೈಸ್ಕೂಲಿನ ದಿನಗಳಲ್ಲಿ ಗೆಳೆಯನೊಬ್ಬನ ಮಾತು ಕೇಳಿ ಕದ್ದು ಮಾಂಸ ತಿಂದು ಬರುತ್ತಿದ್ದ. ಮನೆಯಲ್ಲಿ ತಾಯಿ ಊಟಕ್ಕೆ ಕರೆದರೆ ಹಸಿವಿಲ್ಲ, ತಿಂದದ್ದು ಅರಗಿಲ್ಲ ಎನ್ನಬೇಕಾಗುತ್ತಿತ್ತು. ಮಾಂಸಕ್ಕಿಂತ ಆ ಸುಳ್ಳೇ ಅವನ ಹೊಟ್ಟೆಯಲ್ಲಿ ಅರಗಲಿಲ್ಲ. ತಂದೆತಾಯಿ ಇರುವಷ್ಟು ದಿನ ಇದು ಬೇಡ ಎಂದು ಬಿಟ್ಟುಬಿಟ್ಟ.

1885ರಲ್ಲಿ ಕರಮಚಂದರು ತೀರಿಕೊಂಡರು. ಅವರ ದೀರ್ಘ ಕಾಯಿಲೆಯಲ್ಲಿ ಶುಶ್ರೂಷೆ ಮಾಡಿದವರು ಮುಖ್ಯವಾಗಿ ಮೂವರು: ಪುತಲೀಬಾಯಿ, ಒಬ್ಬ ಹಳೆಯ ಆಳು, ಮೋಹನದಾಸ. ಮೂರು ವರ್ಷದ ನಂತರ ಮನೆಯ ಹಿತೈಷಿಯಾದ ಮಾವಜೀ ದವೆ ಎಂಬವರು, ಹುಡುಗನನ್ನು ಬ್ಯಾರಿಸ್ಟರ್ ಓದಲು ವಿಲಾಯಿತಿಗೆ ಕಳಿಸಿ ಎಂದು ಸಲಹೆ ಕೊಟ್ಟರು. ಪುತಲೀಬಾಯಿ ಸುಮ್ಮನೆ ಅಳುತ್ತ ಕೂರಲಿಲ್ಲ, ವಿಚಾರಿಸಲು ಹೊರಟಳು. ಅಲ್ಲಿಗೆ ಹೋದ ಹುಡುಗರು ಕೆಡುತ್ತಾರೆಂದು ಒಬ್ಬರು, ಮಾಂಸವಿಲ್ಲದೆ ಬದುಕುವುದಿಲ್ಲವೆಂದು ಇನ್ನೊಬ್ಬರು, ಹೆಂಡ ಕುಡಿಯದೆ ಇರಲಾಗದೆಂದು ಮತ್ತೊಬ್ಬರು. ಎಲ್ಲವನ್ನೂ ಮಗನ ಮುಂದಿಟ್ಟು ಇದಕ್ಕೇನು ಹೇಳುತ್ತೀ ಎಂದಳು. ನನ್ನ ಮೇಲೆ ನಂಬಿಕೆಯಿಲ್ಲವೆ ಎಂದ ಮಗ. ನಿನ್ನ ಮೇಲಿದೆ, ಆದರೆ ಅಷ್ಟು ದೂರದ ದೇಶದಲ್ಲಿ ಹೇಗೆ ನಂಬಲಿ ಎಂಬುದು ಆಕೆಯ ಸಂಕಟ. ಹೆಣ್ಣುಮಕ್ಕಳನ್ನು ಬೆಂಗಳೂರಿಗೋ ಪುಣೆಗೋ ಹಾಸ್ಟೆಲಿಗೆ ಬಿಟ್ಟು ಬಂದ ತಾಯಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ದಾರಿ ತೋರಿದವರು ಬೇಚರಜೀ ಸ್ವಾಮಿ. ಗಾಂಧಿಯವರ ಮೋಢ ಬನಿಯಾ ಜಾತಿಯಲ್ಲೇ ಹುಟ್ಟಿ ಜೈನ ಸಾಧುವಾಗಿದ್ದವರು. ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟುವುದಿಲ್ಲವೆಂದು ಹುಡುಗನಿಂದ ಪ್ರತಿಜ್ಞೆ ಮಾಡಿಸಿದರು. ವೈಷ್ಣವ ತಾಯಿ ಜೈನ ಸಾಧುವಿನ ಮಾತಿಗೆ ಒಪ್ಪಿದಳು. ಆಗ ಕಸ್ತೂರಬಾಯಿಯ ಮಡಿಲಲ್ಲಿ ಕೆಲವೇ ತಿಂಗಳ ಕೂಸು. ಮುಂಬಯಿಯಲ್ಲಿ ಜಾತಿಯವರು ಸಭೆ ಸೇರಿ ಬಹಿಷ್ಕಾರ ಹಾಕಿದರು. 1888ರ ಸೆಪ್ಟೆಂಬರ್ 4ರಂದು ಹಡಗು ಹೊರಟಿತು.

ಲಂಡನ್ನಿನ ಮೊದಲ ದಿನಗಳಲ್ಲಿ ರಾತ್ರಿಯಾದರೆ ತಾಯಿಯ ನೆನಪಿಗೆ ಕಣ್ಣೀರು ಹರಿಯುತ್ತಿತ್ತು. ಬೆಂದ ಕೋಸು, ಉಪ್ಪುಖಾರವಿಲ್ಲದ ಸಾರು, ಎರಡು ಚೂರು ಬ್ರೆಡ್ಡು. ಮತ್ತೊಂದು ಕೇಳಲು ನಾಚಿಕೆ. ಒಬ್ಬ ಸ್ನೇಹಿತ ಪುಸ್ತಕ ಓದಿ ವಾದಿಸಿದ, ಓದುಬರಹ ತಿಳಿಯದ ತಾಯಿಯ ಮುಂದೆ, ಇಲ್ಲಿಯ ಸ್ಥಿತಿ ಗೊತ್ತಿಲ್ಲದೆ ಮಾಡಿದ ಪ್ರತಿಜ್ಞೆಗೆ ಏನು ಬೆಲೆ ಎಂದ. ವಾದದಲ್ಲಿ ಗೆಲ್ಲಲು ಹುಡುಗನಿಗೆ ಬರಲಿಲ್ಲ. ಮಾತು ಮಾತೇ, ಮುರಿಯಲಾರೆ ಎಂದಷ್ಟೇ ಹೇಳಿದ. ಹಸಿದ ಹೊಟ್ಟೆಯಲ್ಲಿ ಬೀದಿ ಬೀದಿ ಸುತ್ತಿ ಫ್ಯಾರಿಂಗ್‌ಡನ್ ಬೀದಿಯ ಸಸ್ಯಾಹಾರಿ ಹೋಟೆಲೊಂದನ್ನು ಕಂಡಾಗ ಅವನಿಗಾದ ಸಂತೋಷವನ್ನು ಓದಿ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ನನಗೆ ಮುಖ್ಯವೆನ್ನಿಸುವುದು ಇದಕ್ಕಿಂತ ಸಣ್ಣದೊಂದು ಸಂಗತಿ, ಮೊಟ್ಟೆಯ ಸಂಗತಿ. ಮಾಂಸವೆಂದರೆ ಏನು ಎಂಬುದಕ್ಕೆ ಅಲ್ಲಿಯ ಸಸ್ಯಾಹಾರಿಗಳಲ್ಲಿ ಮೂರು ಅರ್ಥಗಳಿದ್ದವು. ಪಶುಪಕ್ಷಿಗಳ ಮಾಂಸ ಮಾತ್ರ ಮಾಂಸ, ಮೀನು ಮೊಟ್ಟೆ ಅಲ್ಲ ಎನ್ನುವವರು. ಪ್ರಾಣಿಗಳೆಲ್ಲದರ ಮಾಂಸವೂ ಸೇರಿತು, ಮೊಟ್ಟೆ ಮಾತ್ರ ಅಲ್ಲ ಎನ್ನುವವರು. ಮೊಟ್ಟೆ ಹಾಲುಗಳೂ ಸೇರಿದವು ಎನ್ನುವವರು. ಎರಡನೆಯ ಅರ್ಥ ಹಿಡಿದು ಮೋಹನದಾಸ ಕೆಲವು ದಿನ ಮೊಟ್ಟೆ ತಿಂದ. ಆಮೇಲೆ ಯೋಚಿಸಿದ: ಪ್ರತಿಜ್ಞೆ ಮಾಡಿಸಿಕೊಂಡವಳು ತಾಯಿ. ಅವಳ ಮನಸ್ಸಿನಲ್ಲಿ ಮಾಂಸವೆಂಬ ಮಾತಿಗೆ ಮೊಟ್ಟೆಯೂ ಸೇರಿತ್ತು. ಪಂಡಿತರು ಏನಾದರೂ ಹೇಳಲಿ, ತನ್ನನ್ನು ಕಟ್ಟುವುದು ಅವಳ ಅರ್ಥ. ಮೊಟ್ಟೆ ಬಿಟ್ಟ, ಮೊಟ್ಟೆ ಹಾಕಿದ ಕೇಕು ಕಡುಬುಗಳನ್ನೂ ವಿಚಾರಿಸಿ ವಿಚಾರಿಸಿ ಬಿಟ್ಟ. ಕಾಯಿದೆ ಓದಲು ಹೋದ ಹುಡುಗ, ಅಕ್ಷರ ತಿಳಿಯದ ಹೆಂಗಸು ಏಳು ಸಮುದ್ರದಾಚೆ ಕೂತು ಒಂದು ಮಾತಿಗೆ ಯಾವ ಅರ್ಥ ಇಟ್ಟುಕೊಂಡಿದ್ದಾಳೋ ಅದೇ ಕಾಯಿದೆ ಎಂದು ತೀರ್ಮಾನಿಸಿದ. ಆಕೆಯ ದನಿ ಉಳಿದಿಲ್ಲ ಎಂದೆನಲ್ಲ, ಅದು ಪೂರ್ತಿ ಸರಿಯಲ್ಲವೇನೋ.

ಮುಂದೆ ಅವರು ಹಾಲು ಕುಡಿಯುವುದಿಲ್ಲವೆಂದೂ ವ್ರತ ಹಿಡಿದರು. 1918ರಲ್ಲಿ ಖೇಡಾದಲ್ಲಿ ತಿರುಗಿ ಆಮಶಂಕೆಯಿಂದ ಸಾಯುವ ಸ್ಥಿತಿಗೆ ಬಂದರು. ಡಾಕ್ಟರು ಹಾಲು ಬೇಕೇ ಬೇಕೆಂದಾಗ ಕಸ್ತೂರಬಾ, ನಿಮ್ಮ ವ್ರತ ಹಸು ಎಮ್ಮೆಯ ಹಾಲಿನದಲ್ಲವೆ, ಆಡಿನ ಹಾಲು ಆಗಬಹುದಲ್ಲ ಎಂದರು. ಗಾಂಧೀಜಿ ಕುಡಿದರು, ಬದುಕಿದರು. ಆದರೆ ಅಕ್ಷರ ಉಳಿಸಿಕೊಂಡು ವ್ರತದ ಜೀವ ತೆಗೆದೆನೆಂಬ ಕೊರಗು ಅವರಿಗೆ ಉಳಿಯಿತು. ನನ್ನ ಅಭಿಪ್ರಾಯ ಕೇಳಿದರೆ ಕಸ್ತೂರಬಾ ಮಾಡಿದ್ದೇ ಸರಿ. ಗಂಡ ಸಾಯುತ್ತಿರುವಾಗ ವ್ರತದಲ್ಲಿ ಒಂದು ಕಿಂಡಿ ಹುಡುಕಿದ ಆಕೆಯದೂ ಭಕ್ತಿಯೇ. ಮನೆ ನಡೆಸಿದ ಹೆಂಗಸರಿಗೆ ಇದು ಗೊತ್ತು.

ನಾನು ಹಾಸ್ಟೆಲಿನಲ್ಲಿದ್ದಾಗ ಮೊಟ್ಟೆ ತಿಂದೆ. ಪ್ರತಿಜ್ಞೆಯೇನೂ ಇರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಅಮ್ಮ, "ಅಲ್ಲಿ ಊಟಕ್ಕೆ ಏನೇನು ಹಾಕುತ್ತಾರೆ?" ಎಂದು ಕೇಳಿದಳು. ಅನ್ನ, ಸಾರು, ಪಲ್ಯ ಎಂದೆ. ಅಮ್ಮ ನನ್ನ ಮುಖವನ್ನೇ ನೋಡಿ, "ಹೊಟ್ಟೆ ತುಂಬ ತಿನ್ನು, ಅಷ್ಟೇ" ಎಂದಳು. ಅವಳಿಗೆ ಗೊತ್ತಾಗಿತ್ತೇ? ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

1891ರ ಜೂನ್ 10ರಂದು ಮೋಹನದಾಸ ಬ್ಯಾರಿಸ್ಟರ್ ಆದ. 11ರಂದು ಹೈಕೋರ್ಟಿನಲ್ಲಿ ಹೆಸರು ದಾಖಲಿಸಿ, 12ರಂದು ಹಡಗು ಹತ್ತಿದ. ಒಂದು ದಿನವೂ ಹೆಚ್ಚು ನಿಲ್ಲಲಿಲ್ಲ. ತಾಯಿಯನ್ನು ನೋಡುವ ಹಂಬಲ ಅಷ್ಟಿತ್ತು. ಮುಂಗಾರಿನ ಸಮುದ್ರ ಹುಚ್ಚೆದ್ದಿತ್ತು. ಜುಲೈಯಲ್ಲಿ ಮುಂಬಯಿ ಬಂದರಿಗೆ ಅಣ್ಣ ಲಕ್ಷ್ಮೀದಾಸ ಬಂದಿದ್ದ. ತಾಯಿ ಇಲ್ಲವೆಂದು ತಿಳಿದದ್ದು ಆಗ. ಮಗ ಲಂಡನ್ನಿನಲ್ಲಿರುವಾಗಲೇ ಪುತಲೀಬಾಯಿ ತೀರಿಕೊಂಡಿದ್ದಳು. ಪರದೇಶದಲ್ಲಿ ಒಬ್ಬನೇ ಇರುವ ತಮ್ಮನಿಗೆ ಆ ಪೆಟ್ಟು ಬೇಡವೆಂದು ಅಣ್ಣ ಬರೆದಿರಲಿಲ್ಲ. ಮೂರು ವರ್ಷ ಕಾಪಾಡಿಕೊಂಡ ಮಾತನ್ನು, ಇಗೋ ಅಮ್ಮಾ, ಎಂದು ಒಪ್ಪಿಸಲು ತಾಯಿ ಇಲ್ಲ. ತಂದೆ ಸತ್ತದ್ದಕ್ಕಿಂತ ದೊಡ್ಡ ದುಃಖ ಅದೆಂದು ಅವರು ಬರೆದಿದ್ದಾರೆ. ಅತ್ತು ಕರೆದು ಮಾಡಲಿಲ್ಲ, ಕಣ್ಣೀರನ್ನೂ ತಡೆದುಕೊಂಡೆ, ಏನೂ ಆಗದವನಂತೆ ದಿನದ ಕೆಲಸಕ್ಕೆ ತೊಡಗಿದೆ ಎಂದೂ ಬರೆದಿದ್ದಾರೆ. ಮಳೆಗಾಲದ ಮಧ್ಯಾಹ್ನ ಸೂರ್ಯ ಸಿಗದೆ ಒಳಗೆ ಹೋದವಳ ಮಗ.

ಈ ಭಾಗವನ್ನು ನಾನು ಬಹಳ ಕಾಲ ಓದಲಾರದೆ ಹಾರಿಸುತ್ತಿದ್ದೆ. 1981ರ ಆಷಾಢ. ನಾವು ರಾಯಚೂರಿನಲ್ಲಿದ್ದೆವು. ಯಜಮಾನರ ಆಫೀಸಿಗೆ ಟ್ರಂಕ್‌ಕಾಲ್ ಬಂತು: ಅಮ್ಮನಿಗೆ ಸ್ವಲ್ಪ ಜೋರಾಗಿದೆ, ಹೊರಟು ಬರಲಿ. ರಾತ್ರಿಯೆಲ್ಲ ಬಸ್ಸು. ಬೆಳಗ್ಗೆ ದಾವಣಗೆರೆಯಲ್ಲಿ ಇಳಿದು ಬಸ್ಸು ಬದಲಾಯಿಸುವಾಗ ಒಂದು ಡಜನ್ ಮೋಸಂಬಿ ಕೊಂಡೆ. ಮಾರನೆಯ ದಿನ ಏಕಾದಶಿ. ಕಾಯಿಲೆಯಲ್ಲಿ ಹಣ್ಣಿನ ರಸವನ್ನಾದರೂ ಕುಡಿಯುವಂತೆ ಬೈದು ಒಪ್ಪಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಂಗಳಕ್ಕೆ ಕಾಲಿಟ್ಟಾಗ ಎಲ್ಲ ಮುಗಿದಿತ್ತು. ಫೋನು ಮಾಡುವಾಗಲೇ ಅವಳು ಇರಲಿಲ್ಲ. ಮೋಸಂಬಿಯ ಚೀಲ ಹಿಡಿದು ನಿಂತವಳನ್ನು ನೋಡಿ ಅಣ್ಣ ತಲೆ ತಗ್ಗಿಸಿದ. ವರ್ಷಗಟ್ಟಲೆ ಅವನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಹನ್ನೆರಡು ಗಂಟೆಯ ಸುಳ್ಳು ಆಸೆಯನ್ನು ನನಗೇಕೆ ಕೊಟ್ಟ ಎಂಬ ಸಿಟ್ಟು. ಲಕ್ಷ್ಮೀದಾಸನ ಮೇಲೆ ಗಾಂಧೀಜಿ ಸಿಟ್ಟಾದಂತೆ ಎಲ್ಲೂ ಕಾಣುವುದಿಲ್ಲ. ಅಣ್ಣನೂ ಅವತ್ತು ತಾಯಿಯನ್ನು ಕಳೆದುಕೊಂಡವನೇ ಎಂಬುದು ನನಗೆ ಹೊಳೆಯಲು ತುಂಬಾ ದಿನ ಹಿಡಿಯಿತು.

ಪುತಲೀಬಾಯಿ ಮಗನ ಕೊರಳಿಗೆ ಒಂದು ತುಳಸಿಮಣಿಯ ಕಂಠಿ ಹಾಕಿದ್ದಳು. 1893ರಲ್ಲಿ ಪ್ರಿಟೋರಿಯಾದಲ್ಲಿ ಕೋಟ್ಸ್ ಎಂಬ ಕ್ರೈಸ್ತ ಸ್ನೇಹಿತ ಅದನ್ನು ನೋಡಿ, ಇದು ಮೂಢನಂಬಿಕೆ, ಬಾ ನಾನೇ ಕಿತ್ತು ಹಾಕುತ್ತೇನೆ ಎಂದ. ಒಳ್ಳೆಯ ಮನುಷ್ಯ, ಹಿತಕ್ಕೇ ಹೇಳಿದ. ಗಾಂಧಿ ಒಪ್ಪಲಿಲ್ಲ. ಇದರ ಗೂಢಾರ್ಥ ನನಗೆ ಗೊತ್ತಿಲ್ಲ, ಹಾಕಿಕೊಳ್ಳದಿದ್ದರೆ ಕೆಡುಕಾಗುತ್ತದೆಂದೂ ನಂಬುವುದಿಲ್ಲ. ಆದರೆ ನನಗೆ ಒಳಿತಾಗಲೆಂದು ತಾಯಿ ಪ್ರೀತಿಯಿಂದ ಹಾಕಿದ್ದನ್ನು ಕಾರಣವಿಲ್ಲದೆ ಕೀಳಲಾರೆ. ಸವೆದು ತಾನಾಗಿ ಹರಿದರೆ ಹೊಸದನ್ನು ಹಾಕಿಕೊಳ್ಳುವ ಆಸೆಯಿಲ್ಲ ಎಂದರು.

ಅಮ್ಮ ಪ್ರತಿ ವರ್ಷ ಗೌರಿಹಬ್ಬಕ್ಕೆ ಬಾಗಿನದ ದುಡ್ಡನ್ನು ಮನಿಆರ್ಡರ್ ಮಾಡಿ, ಹದಿನಾರು ಗಂಟಿನ ಗೌರಿದಾರವನ್ನು ಅರಿಸಿನ ಹಚ್ಚಿ ಲಕೋಟೆಯಲ್ಲಿಟ್ಟು ಕಳಿಸುತ್ತಿದ್ದಳು. ನಾನು ಕಟ್ಟಿಕೊಂಡು ಸಂಜೆಗೆ ಬಿಚ್ಚಿಡುತ್ತಿದ್ದೆ. ಕೊನೆಯದು 1980ರದು. ಅದು ಆ ಆತ್ಮಕಥೆಯ ಪುಸ್ತಕದೊಳಗೇ ಇದೆ. ಎರಡು ಪುಟಕ್ಕೆ ಅರಿಸಿನ ಹತ್ತಿದೆ. ಹೋದ ವರ್ಷ ಮೊಮ್ಮಗಳು ಅದನ್ನು ತೆಗೆದು ಬೆಳಕಿಗೆ ಹಿಡಿದು ಎಣಿಸಿದಳು. "ಅಜ್ಜೀ, ಹದಿನೈದೇ ಗಂಟು ಇದೆ" ಎಂದಳು. ಆ ವರ್ಷ ಅಮ್ಮನಿಗೆ ಕಣ್ಣು ಮಂಜಾಗಿತ್ತು. "ಇನ್ನೊಂದು ಸಲ ಎಣಿಸು" ಎಂದೆ.